ಕಿಟಕಿ ಸಾಹೇಬರ ಎರಡು ತುತ್ತಿನ ಯಾತ್ರೆ

“ಗೈಡು ಬೇಡ, ಮ್ಯಾಪು ಬೇಡ, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅಂತ ಮೊಬೈಲಿನಲ್ಲಿ ಬಡಬಡಿಸೋ ಆ ಹೆಂಗಸೂ ಬೇಡ. ನಾನೊಬ್ಬ ಇದ್ದೀನಿ, ಸಾಕು!”

ಕಡಲ ದಂಡೆಯ ಆ ಹಳೆಯ ದೇವಸ್ಥಾನದ ಊರಿನಲ್ಲಿ ಬಸ್ಸಿಳಿದು ಇನ್ನೂ ಸೊಂಟ ನೆಟ್ಟಗೆ ಮಾಡಿಕೊಂಡಿರಲಿಲ್ಲ, ಕಿಟಕಿ ಸಾಹೇಬರು ಹೀಗೆ ಘೋಷಿಸಿಬಿಟ್ಟರು. ಹಳದಿ ಕೊಡೆ ಹಿಡಿದು ಓಡಿಬಂದಿದ್ದ ಗೈಡು ಥಟ್ಟನೆ ನಿಂತ.

“ಸಾರ್, ತಿಂಡಿ ಬೀದಿಯಲ್ಲಿ ಯಾವ ಅಂಗಡೀಲಿ ಯಾವಾಗ ಏನು ಬಿಸಿ ಇರುತ್ತೆ ಅಂತ ಗೊತ್ತಿರಬೇಕು. ನಾನು ಕತೆ ಸಮೇತ ತೋರಿಸ್ತೀನಿ.”

“ಕತೆ ಹೇಳೋಕೆ ನನಗೂ ಬರುತ್ತಪ್ಪ. ನೆಕ್ಸ್ಟ್!”

ಆ ‘ನೆಕ್ಸ್ಟ್’ ಅವರ ಹುಟ್ಟುಗುಣವಲ್ಲ, ಉದ್ಯೋಗಗುಣ. ತಮ್ಮ ಊರಿನ ಬಸ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಅವರು ಅರ್ಧ ಆಯುಷ್ಯ ಕಳೆದಿದ್ದರು. ಊರಿನವರು ಅವರ ಮುಖವನ್ನು ಪೂರ್ತಿಯಾಗಿ ನೋಡಿದ್ದೇ ಇಲ್ಲ. ಕಿಟಕಿಯ ಕಂಡಿಯಲ್ಲಿ ಮೂಗು, ಕನ್ನಡಕ, ಒಂದು ಕೈ, ಇಷ್ಟೇ ಕಾಣುತ್ತಿತ್ತು. ಆದರೆ ಆ ಕಂಡಿಯಿಂದ ಹೊರಬೀಳುತ್ತಿದ್ದ ದನಿಗೆ ಇಡೀ ನಿಲ್ದಾಣ ಹೆದರುತ್ತಿತ್ತು. “ಸಾಲಾಗಿ ಬನ್ನಿ! ನೂಕಬೇಡಿ! ಚಿಲ್ಲರೆ ಕೈಯಲ್ಲಿರಲಿ!” ಎಂದು ಅವರು ಒಮ್ಮೆ ಗುಡುಗಿದರೆ ಜನ ಮಾತ್ರವಲ್ಲ, ಪ್ಲಾಟ್‌ಫಾರಂ ಮೇಲೆ ಮಲಗಿದ್ದ ನಾಯಿಗಳೂ ಎದ್ದು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವಂತೆ! ಹೀಗೆಂದು ಅವರೇ ಹೇಳುತ್ತಿದ್ದರು, ನೋಡಿದವರು ಯಾರೂ ಇಲ್ಲ.

ಅವರ ಹೆಂಡತಿ ಅತ್ತಿಗೆಮ್ಮ. ತುಂಬಿದ ಮನೆಯ ಹಿರಿ ಸೊಸೆ. ಮೈದುನಂದಿರು ಅತ್ತಿಗೆ ಎಂದರು, ಅವರ ಮಕ್ಕಳು ಅದನ್ನು ಕೇಳಿ ಅತ್ತಿಗೆಮ್ಮ ಎಂದರು, ಹಾಲಿನವನು, ಇಸ್ತ್ರಿಯವನು, ಎದುರುಮನೆಯ ಡಾಕ್ಟರು ಎಲ್ಲರಿಗೂ ಅದೇ ರೂಢಿಯಾಯಿತು. ಸಾಹೇಬರೂ ಒಮ್ಮೊಮ್ಮೆ ಮರೆತು “ಅತ್ತಿಗೆಮ್ಮಾ, ಟವೆಲ್ಲು!” ಎಂದು ಬಚ್ಚಲಿನಿಂದ ಕೂಗಿ ನಾಲಿಗೆ ಕಚ್ಚಿಕೊಂಡದ್ದುಂಟು. ಎದುರಿಗೆ ಯಾರಾದರೂ ಖಾಲಿ ಕೈಯಲ್ಲಿ ನಿಂತರೆ ಆ ಕೈಗೆ ತಿನ್ನಲು ಏನಾದರೂ ಇಡುವವರೆಗೆ ಆಕೆಗೆ ನೆಮ್ಮದಿಯಿಲ್ಲ. ಕರೆಂಟಿನ ಮೀಟರು ನೋಡಲು ಬಂದವನೂ ಆ ಮನೆಯಿಂದ ಬಾಯಿ ಒರೆಸಿಕೊಂಡೇ ಹೋಗುತ್ತಿದ್ದ.

ಈ ಯಾತ್ರೆಗೆ ಕಾರಣಳಾದವಳು ಕಿರಿಯ ವಾರಗಿತ್ತಿ. ಒಂದು ಭಾನುವಾರ ಎಲ್ಲರ ಊಟ ಮುಗಿದು, ಅತ್ತಿಗೆಮ್ಮ ಪಾತ್ರೆಯ ತಳ ಕೆರೆದುಕೊಂಡು ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದಾಗ ಅವಳು ಸುಮ್ಮನೆ ಕೇಳಿದಳು: “ಅಕ್ಕಾ, ನೀವು ಬಿಸಿಬಿಸಿ ಊಟ ಮಾಡಿದ್ದು ಯಾವತ್ತು, ನೆನಪಿದೆಯಾ?”

ಅತ್ತಿಗೆಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. “ಆವಾಗ ಜ್ವರ ಬಂದಿತ್ತು ನೋಡು, ಗಂಜಿ ಕುಡಿದಿದ್ದೆ. ಅದು ಬಿಸಿ ಇತ್ತು ಕಣೇ.”

ಮನೆಯೆಲ್ಲಾ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಗಲು ಬಾಯಿ ತೆರೆದರು. ಆದರೆ ನಗದೆ ಮುಚ್ಚಿಕೊಂಡರು. ಅವರಿಗೆ ನಿಜವಾಗಿಯೂ ಕೆಡುಕೆನಿಸಿತು. ಕೆಡುಕೆನಿಸಿದಾಗ ಸುಮ್ಮನಿರುವ ಜಾಯಮಾನ ಅವರದಲ್ಲ, ಎದೆ ತಟ್ಟಿಕೊಂಡು ಎದ್ದು ನಿಂತರು.

“ಒಂದು ದಿನ! ಇಡೀ ಒಂದು ದಿನ ಇವಳು ಎಲ್ಲರಿಗಿಂತ ಮೊದಲು ತಿಂತಾಳೆ, ಬಿಸಿಬಿಸಿ ತಿಂತಾಳೆ, ಒಬ್ಬರಿಗೂ ಬಡಿಸಲ್ಲ! ಮಾಡಿ ತೋರಿಸ್ತೀನೋ ಇಲ್ವೋ ನೋಡಿ!”

“ಅಣ್ಣಾ, ಅತ್ತಿಗೆ ಬಡಿಸದೆ ಇರೋದು ಅಂದ್ರೆ ಸಮುದ್ರ ಅಲೆ ಹೊಡೀದೆ ಇದ್ದ ಹಾಗೆ,” ಎಂದ ತಮ್ಮ.

“ಹಾಗಾದ್ರೆ ಸಮುದ್ರದ ಎದುರಿಗೇ ಮಾಡಿ ತೋರಿಸ್ತೀನಿ!”

ಹೀಗೆ ಸಮುದ್ರದ ಊರಿಗೆ ಬಂದದ್ದು.

ಸಾಹೇಬರ ಯೋಜನೆ ಸರಳ. ಬಂದರಿನ ಹಳೆಯ ಕಲ್ಲಿನ ಕಮಾನಿನಿಂದ ಹಿಡಿದು ದೇವಸ್ಥಾನದ ಕೊಳದವರೆಗೆ ಒಂದೇ ಉದ್ದನೆಯ ಬೀದಿ. ಎರಡೂ ಬದಿಗೆ ಉಪ್ಪುಗಾಳಿ ತಿಂದ ಮರದ ಬಾಗಿಲುಗಳು, ಸವೆದು ನುಣ್ಣಗಾದ ಚಪ್ಪಡಿಗಳು, ಒಂದಕ್ಕೊಂದು ಭುಜ ತಾಗಿಸಿಕೊಂಡ ತಿಂಡಿಯ ಅಂಗಡಿಗಳು. ನಡೆಯುತ್ತಾ ಹೋಗುವುದು, ತಿನ್ನುತ್ತಾ ಹೋಗುವುದು.

“ಅಷ್ಟೂ ಅಂಗಡೀಲಿ ತಿಂದ್ರೆ ಹೊಟ್ಟೆ ಏನಾಗಬೇಕು ರೀ?”

“ಅದಕ್ಕೇ ನಿಯಮ ಮಾಡಿದ್ದೀನಿ. ಒಂದು ಅಂಗಡಿಗೆ ಎರಡೇ ತುತ್ತು! ಎಂಥಾ ರುಚಿ ಇದ್ರೂ ಮೂರನೇದಕ್ಕೆ ಕೈ ಹಾಕಬಾರದು. ಆಗ ಕೊನೇವರೆಗೂ ಹಸಿವು ಇರುತ್ತೆ.”

ಕೊನೆಯವರೆಗೂ ಹಸಿವು ಇರುತ್ತದೆ ಎಂಬ ಮಾತು ಇಷ್ಟು ನಿಜವಾಗುತ್ತದೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ.

ಕಮಾನಿನ ಕೆಳಗೆ ಬಾಳೆಹಣ್ಣಿನ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವವನ ಬಾಣಲೆಯಿತ್ತು. ಎರಡು ತುತ್ತನ್ನು ಯಾವ ಅಂಗಡಿಯವನೂ ಮಾರುವುದಿಲ್ಲವಾದ್ದರಿಂದ ಸಾಹೇಬರು ತುಂಬಿದ ತಟ್ಟೆಯನ್ನೇ ತೆಗೆದುಕೊಂಡರು. ಅತ್ತಿಗೆಮ್ಮ ಒಂದು ಹೋಳನ್ನು ಎತ್ತಿ ಬಾಯಿಯ ಹತ್ತಿರ ತಂದರು. ಹೊಗೆಯಾಡುತ್ತಿತ್ತು. ಅವರ ಕಣ್ಣು ಅರಳಿತು.

“ತಡಿ!” ಎಂದರು ಸಾಹೇಬರು. “ಹಾಗೆ ಗಬಕ್ಕನೆ ತಿನ್ನಬಾರದು. ಮೊದಲು ವಾಸನೆ. ಆಮೇಲೆ ಬಣ್ಣ. ಆಮೇಲೆ ಈ ಕಮಾನಿನ ಚರಿತ್ರೆ.”

ಕಮಾನಿನ ಚರಿತ್ರೆ ಅವರಿಗೆ ಗೊತ್ತಿರಲಿಲ್ಲ. ಆದರೂ ಹೇಳಿದರು. ಹಡಗು ಬಂತು, ವ್ಯಾಪಾರಿ ಇಳಿದ, ಹಸಿವಾಯಿತು, ಕಮಾನು ಕಟ್ಟಿಸಿದ ಎಂದು ಏನೇನೋ ಪೋಣಿಸಿದರು. ಕಡಲಗಾಳಿ ಬೀಸಿತು. ಚರಿತ್ರೆ ಮುಗಿಯುವ ಹೊತ್ತಿಗೆ ಬಾಳೆಹಣ್ಣೂ ಚರಿತ್ರೆ ಸೇರಿತ್ತು. ಅತ್ತಿಗೆಮ್ಮ ಎರಡು ತುತ್ತು ತಣ್ಣಗೆ ಅಗಿದರು, ಅಷ್ಟರಲ್ಲಿ “ನೆಕ್ಸ್ಟ್!” ಎಂಬ ಕೂಗು ಬಂತು.

“ತಟ್ಟೆ ತುಂಬಾ ಉಳಿದಿದೆಯಲ್ಲ ರೀ!”

“ಬಿಟ್ಟುಬಿಡು.”

ಬಿಡುವುದೆ? ಅತ್ತಿಗೆಮ್ಮ ಬಗಲಿನ ಚೀಲದಿಂದ ಟಿಫಿನ್ ಕ್ಯಾರಿಯರ್ ತೆಗೆದರು. ಹೊರಡುವಾಗ ಇದು ಯಾಕೆ ಎಂದು ಸಾಹೇಬರು ಕೇಳಿದ್ದಕ್ಕೆ “ಇರ್ಲಿ ಬಿಡಿ, ಬೇಕಾಗುತ್ತೆ” ಎಂದಷ್ಟೇ ಹೇಳಿದ್ದರು. ಒಂದು ಡಬ್ಬಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಅದರ ಹಿಂದೆ ಮಡಿಸಿಟ್ಟ ಬಟ್ಟೆಯ ಚೀಲಗಳು. ಒಂದು ಮದುವೆಯ ಊಟ ಸಾಗಿಸುವಷ್ಟು ಸರಂಜಾಮು!

ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆಯ ಅಂಗಡಿಯಲ್ಲೂ ಇದೇ ಕತೆ. ಎಲೆ ಬಿಚ್ಚುವಾಗ ಹಬೆ ಮುಖಕ್ಕೆ ಹೊಡೆಯಿತು, ಅತ್ತಿಗೆಮ್ಮ ಆಸೆಯಿಂದ ಬಾಗಿದರು, ಸಾಹೇಬರು ಎಲೆಯ ಬಗ್ಗೆ ಉಪನ್ಯಾಸ ಶುರು ಮಾಡಿದರು. ದಪ್ಪ ರೊಟ್ಟಿಯ ಅಂಗಡಿಯಲ್ಲಿ ಗೋಧಿಯ ಬಗ್ಗೆ, ಎಳ್ಳುಂಡೆಯ ಅಂಗಡಿಯಲ್ಲಿ ಹಲ್ಲಿನ ಬಗ್ಗೆ, ತೆಂಗಿನಕಾಯಿ ಅನ್ನ ಮಾಡುವ ಅಜ್ಜಿಯ ಮನೆಯಂಗಳದಲ್ಲಿ ಆ ಅಜ್ಜಿಗೇ ತೆಂಗಿನಕಾಯಿಯ ಬಗ್ಗೆ! ಎಲ್ಲಾ ಕಡೆ ತಟ್ಟೆ ತುಂಬ ತೆಗೆದುಕೊಂಡದ್ದು, ಎಲ್ಲಾ ಕಡೆ ಎರಡು ತುತ್ತು, ಎಲ್ಲಾ ಕಡೆ “ನೆಕ್ಸ್ಟ್!” ಸಾಹೇಬರಂತೂ ತಮ್ಮ ಪಾಲಿನ ಎರಡು ತುತ್ತನ್ನೂ ಮಾತಿನ ಭರಾಟೆಯಲ್ಲಿ ಅರ್ಧಕ್ಕರ್ಧ ಮರೆತರು. ಬಾಯಿಗೆ ಒಂದೇ ಕೆಲಸ ತಾನೆ ಮಾಡಲು ಬರುವುದು?

ಕೊಳದ ಹತ್ತಿರ ಬರುವ ಹೊತ್ತಿಗೆ ಡಬ್ಬಿಗಳು ತುಂಬಿ, ಚೀಲಗಳು ತುಂಬಿ, ಸಾಹೇಬರ ಎರಡು ಕೈಗೂ ಪೊಟ್ಟಣಗಳು ನೇತಾಡುತ್ತಿದ್ದವು. ಹೊಟ್ಟೆ ಮಾತ್ರ ಖಾಲಿ.

“ನೀವು ಹೇಳಿದ ಹಾಗೇ ಕೇಳಿದೆ,” ಎಂದರು ಅತ್ತಿಗೆಮ್ಮ. “ಇನ್ನು ನಾನು ಹೇಳಿದ್ದು ಕೇಳಿ. ಮೆಟ್ಟಿಲ ಮೇಲೆ ನೆರಳಿದೆ. ಕೂತು ತಿನ್ನೋಣ. ಕಾಲು ಬಿದ್ದೋಗ್ತಿದೆ.”

“ಅದೇ ಸರಿ! ನೀನು ಕೂತ್ಕೋ. ಮೊದಲು ನೀನೇ ತಿನ್ನಬೇಕು. ಬಿಸಿ ಇಲ್ಲದಿದ್ರೂ ಬೆಚ್ಚಗಂತೂ ಇದೆ. ನಾನು ಬಡಿಸ್ತೀನಿ.”

ಕಲ್ಲಿನ ಮಂಟಪದ ನೆರಳಿನಲ್ಲಿ ಅತ್ತಿಗೆಮ್ಮ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಮೆಟ್ಟಿಲ ಮೇಲೆ ಒಂದು ಸಣ್ಣ ಅಂಗಡಿಯೇ ತೆರೆದಂತಾಯಿತು. ಆಗ ಅಲ್ಲಿಗೆ ಒಬ್ಬ ಬಸ್ ಡ್ರೈವರು ಬಂದ. ಪ್ರಯಾಣಿಕರನ್ನು ದೇವಸ್ಥಾನದೊಳಗೆ ಕಳಿಸಿ ಹಲ್ಲುಕಡ್ಡಿ ಕಚ್ಚಿಕೊಂಡು ಅಡ್ಡಾಡುತ್ತಿದ್ದವನು.

“ಅಮ್ಮಾ, ಈ ಅಕ್ಕಿಯುಂಡೆ ಎಲ್ಲಿ ಸಿಗುತ್ತೆ?”

ಆತ ಕೇಳಿದ್ದು ದಾರಿ ಮಾತ್ರ. ಆದರೆ ಕೇಳುವಾಗ ಅವನ ಕೈ ಖಾಲಿ ಇತ್ತು. ಅತ್ತಿಗೆಮ್ಮನ ಕೈ ಅತ್ತಿಗೆಮ್ಮನನ್ನು ಕೇಳದೆಯೇ ಒಂದು ಉಂಡೆಯನ್ನು ಎತ್ತಿ ಅವನ ಕೈಗಿಟ್ಟಿತು. ಅವನ ಹಿಂದೆ, ಮೆಟ್ಟಿಲಿಳಿದು ದಣಿದಿದ್ದ ಇಬ್ಬರು ಹೆಂಗಸರು ಏನಿದು ಎಂದು ಇಣುಕಿದರು. ಅವರ ಹಿಂದೆ ಒಬ್ಬ ಮುದುಕರು ಊರುಗೋಲು ಊರಿಕೊಂಡು ನಿಂತರು. ಅಷ್ಟೇ. ನಾಲ್ಕು ಜನ. ಯಾರೂ ನೂಕಲಿಲ್ಲ, ಯಾರೂ ತಿಂಡಿ ಕೇಳಲಿಲ್ಲ. ಸುಮ್ಮನಿದ್ದಿದ್ದರೆ ನೋಡಿಕೊಂಡು ಹೋಗಿಬಿಡುತ್ತಿದ್ದರು.

ಆದರೆ ಸಾಹೇಬರ ಕಣ್ಣಿಗೆ ಕಂಡದ್ದು ಒಬ್ಬರ ಮೇಲೊಬ್ಬರು ಬಗ್ಗಿ ಇಣುಕುತ್ತಿರುವ ಜನ! ಅರ್ಧ ಆಯುಷ್ಯ ಎದ್ದು ಗಂಟಲಿಗೆ ಬಂತು.

“ಸಾಲಾಗಿ ಬನ್ನಿ! ನೂಕಬೇಡಿ! ಒಬ್ಬೊಬ್ಬರಾಗಿ! ಎಲ್ಲರಿಗೂ ಸಿಗುತ್ತೆ!”

ಆ ದನಿ ಕೊಳದ ಆಚೆ ದಡಕ್ಕೆ ಬಡಿದು ವಾಪಸ್ಸು ಬಂತು. ಪಾರಿವಾಳಗಳು ಹಾರಿದವು. ನಾಲ್ಕು ಜನ ಥಟ್ಟನೆ ಒಬ್ಬರ ಹಿಂದೆ ಒಬ್ಬರು ನಿಂತರು. ಅದನ್ನು ನೋಡಿ ಐದನೆಯವರು ಬಂದು ನಿಂತರು. ಐದು ಜನರ ಸಾಲನ್ನು ನೋಡಿ ಸುಮ್ಮನೆ ಮುಂದೆ ಹೋಗುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಸಾಲು ಮಂಟಪ ದಾಟಿತು, ಮೆಟ್ಟಿಲು ಹತ್ತಿತು, ಚಪ್ಪಲಿ ಬಿಡುವ ಜಾಗದವರೆಗೆ ಬೆಳೆಯಿತು.

“ಏನು ಕೊಡ್ತಿದ್ದಾರೆ?” ಎಂದು ಬಾಲದಲ್ಲಿದ್ದವನೊಬ್ಬ ಕೇಳಿದ.

“ಗೊತ್ತಿಲ್ಲ ಕಣ್ರೀ, ಮೊದಲು ನಿಂತ್ಕೊಳ್ಳಿ,” ಎಂದರು ಅವನ ಮುಂದಿದ್ದವರು.

ಇತ್ತ ಅತ್ತಿಗೆಮ್ಮ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಸಲು ಶುರು ಮಾಡಿಯಾಗಿತ್ತು. ಎದುರಿಗೆ ಖಾಲಿ ಕೈ, ಪಕ್ಕದಲ್ಲಿ ತುಂಬಿದ ಡಬ್ಬಿ. ಇನ್ನೇನು ಮಾಡಿಯಾರು?

“ರೀ, ಏನು ರೀ ಇದು!” ಎಂದರು ಕೈ ನಿಲ್ಲಿಸದೆ.

“ನನಗೇನು ಗೊತ್ತು? ನೀನು ತಾನೇ ಕೊಟ್ಟಿದ್ದು!”

“ನೀವು ತಾನೇ ಕರೆದಿದ್ದು!”

“ನಾನು ಕರೀಲಿಲ್ಲ, ಶಿಸ್ತು ಮಾಡಿದೆ.”

“ಮಾಡಿ ಮಾಡಿ. ಆ ರೊಟ್ಟಿ ಡಬ್ಬಿ ಈ ಕಡೆ ಕೊಡಿ.”

ಆಗಲೇ ಸಾಹೇಬರು ಕೈಮುಗಿದು “ತಪ್ಪಾಯ್ತು, ಇದು ನಮ್ಮ ಸ್ವಂತ ತಿಂಡಿ” ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಹಳದಿ ಕೊಡೆ ಇಳಿದುಬಂತು. ಅದರ ಹಿಂದೆ ಟೋಪಿ ಹಾಕಿದ ಪ್ರವಾಸಿಗರ ದೊಡ್ಡ ಗುಂಪು. ಗೈಡು ಸಾಹೇಬರನ್ನು ನೋಡಿದ, ಸಾಲನ್ನು ನೋಡಿದ, ಡಬ್ಬಿಗಳನ್ನು ನೋಡಿದ. ಅವನು ಸೋಲುವ ಆಸಾಮಿಯಲ್ಲ. ಗೊತ್ತಿಲ್ಲ ಎಂಬ ಮಾತು ಗೈಡಿನ ಬಾಯಲ್ಲಿ ಬರಬಾರದು.

“ಇಲ್ಲಿ ನೋಡಿ!” ಎಂದು ಕೊಡೆ ಎತ್ತಿದ. “ಈ ಬೀದಿಯ ಅಷ್ಟೂ ತಿಂಡಿಯನ್ನ ಒಂದೇ ಕಡೆ ಸೇರಿಸಿ, ಬಂದವರಿಗೆಲ್ಲಾ ಕೈಯಾರೆ ಹಂಚೋ ಮನೆತನ. ಬೆಳಗ್ಗೆ ನಾನೇ ಭೇಟಿ ಮಾಡಿದ್ದೆ, ತುಂಬಾ ಸರಳ ಜನ. ಯಜಮಾನ್ರೇ, ಎಷ್ಟು ತಲೆಮಾರಿನಿಂದ ನಡೆಸ್ಕೊಂಡು ಬಂದಿದ್ದೀರಿ?”

ಮನೆತನ! ಯಜಮಾನ್ರೇ! ಟಿಕೆಟ್ ಕಿಟಕಿಯಲ್ಲಿ ಕೂತವರಿಗೆ ಬೈಗುಳ ಬಿಟ್ಟು ಬೇರೇನೂ ಬಿದ್ದ ಅಭ್ಯಾಸವಿಲ್ಲ. ಸಾಹೇಬರ ಎದೆ ಪೂರಿಯಂತೆ ಉಬ್ಬಿತು. ಅಷ್ಟೊಂದು ಕಣ್ಣುಗಳು ಅವರನ್ನೇ ನೋಡುತ್ತಿದ್ದವು, ಅದೂ ಕಂಡಿಯ ಮೂಲಕವಲ್ಲ, ತಲೆಯಿಂದ ಕಾಲಿನವರೆಗೆ ಪೂರ್ತಿಯಾಗಿ.

“ಲೆಕ್ಕ ಇಟ್ಟಿಲ್ಲಪ್ಪ,” ಎಂದುಬಿಟ್ಟರು ಗಂಭೀರವಾಗಿ. “ನಮ್ಮ ತಾತನ ಕಾಲದಲ್ಲಿ ಇನ್ನೂ ಜೋರಿತ್ತು.”

ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಗೈಡು ಅವರನ್ನೆಲ್ಲಾ ಸಾಲಿನ ಕೊನೆಗೆ ಕಳಿಸಿದ. ಅತ್ತಿಗೆಮ್ಮ ತಿರುಗಿ ಗಂಡನನ್ನು ಒಂದು ಸಲ ನೋಡಿದರು, ಅಷ್ಟೇ. ಬೆನ್ನಿಗೆ ಐಸು ಇಟ್ಟಂತಾಯಿತು ಸಾಹೇಬರಿಗೆ.

“ತಾತನ ಕಾಲದವರೇ,” ಎಂದರು ಆಕೆ ಮೆಲ್ಲಗೆ. “ಡಬ್ಬಿ ತಳ ಕಾಣಿಸ್ತಿದೆ. ನಿಮ್ಮ ಮನೆತನದ ಮರ್ಯಾದೆ ನೀವೇ ನೋಡ್ಕೊಳ್ಳಿ.”

ಸಾಹೇಬರು ಬೀದಿಯ ಕಡೆಗೆ ಓಡಿದರು.

ಹೀಗೆ ಶುರುವಾಯಿತು ಎರಡನೆಯ ಯಾತ್ರೆ, ಈ ಸಲ ಹಿಂದುಮುಂದಾಗಿ, ಓಟದಲ್ಲಿ! ತೆಂಗಿನಕಾಯಿ ಅನ್ನದ ಅಜ್ಜಿ ಆಗಲೇ ಪಾತ್ರೆ ತೊಳೆಯುತ್ತಿದ್ದಳು. “ಆಗ ಅಷ್ಟು ಹೊತ್ತು ಪಾಠ ಮಾಡಿದ್ರಲ್ಲ, ಆಗಲೇ ತಿನ್ನಬೇಕಿತ್ತು,” ಎಂದಳು. ಎಳ್ಳುಂಡೆಯವನು ಸಾಹೇಬರನ್ನು ನೋಡಿದ ಕೂಡಲೇ “ಇನ್ನೆರಡು ತುತ್ತಾ?” ಎಂದ. ಇದ್ದಬದ್ದದ್ದೆಲ್ಲಾ ಕೊಡಿ ಎಂದಾಗ ಅವನು ಇವರ ಹಣೆ ಮುಟ್ಟಿ ನೋಡುವುದೊಂದು ಬಾಕಿ. ರೊಟ್ಟಿಯವನು ರೊಟ್ಟಿಯ ಜೊತೆ ಪಲ್ಯವನ್ನೂ ಕಟ್ಟಿಕೊಟ್ಟ. ಅಕ್ಕಿಯುಂಡೆಯ ಅಂಗಡಿಯಲ್ಲಿ ಹಬೆಯ ಪಾತ್ರೆ ಆಗಷ್ಟೇ ಇಳಿದಿತ್ತು. ಬಾಳೆಹಣ್ಣಿನವನು ಹೊಸದಾಗಿ ಒಂದು ಬಾಣಲೆ ಕರಿದು ಬುಟ್ಟಿಗೆ ತುಂಬಿಕೊಟ್ಟ. ಸಾಹೇಬರ ಎರಡು ಕೈಯಲ್ಲೂ ಬಿಸಿ ಪೊಟ್ಟಣ, ಎದೆಗೆ ಅವುಚಿಕೊಂಡ ಬುಟ್ಟಿ. ಮೂಗಿನ ಕೆಳಗೇ ಗಮಗಮ ಪರಿಮಳ. ಹೊಟ್ಟೆಯಲ್ಲಿ ಇಲಿಗಳು ಓಡಾಡುತ್ತಿದ್ದವು. ಬಾಯಿಗೆ ಹಾಕಿಕೊಳ್ಳಲು ಒಂದು ಕೈಯಾದರೂ ಬಿಡುವಿರಬೇಕಲ್ಲ! ಒಮ್ಮೆ ಕತ್ತು ಬಗ್ಗಿಸಿ ನಾಲಿಗೆಯಿಂದಲೇ ಒಂದು ಹೋಳನ್ನು ಎಳೆಯಲು ನೋಡಿದರು. ಕನ್ನಡಕ ಬುಟ್ಟಿಯೊಳಗೆ ಬಿತ್ತು. ಎದುರಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಅದನ್ನೆತ್ತಿ, ಎಣ್ಣೆಯ ಸಮೇತ ಅವರ ಮೂಗಿಗೆ ಸಿಕ್ಕಿಸಿ ಹೋದಳು.

ಎಣ್ಣೆ ಹತ್ತಿದ ಗಾಜಿನಲ್ಲೇ ಅವರು ಮಂಟಪದ ಹತ್ತಿರ ಬಂದು ನೋಡಿದರು.

ಅತ್ತಿಗೆಮ್ಮ ನಿಂತಿದ್ದರು. ಹಣೆಗೆ ಕೂದಲು ಅಂಟಿತ್ತು. ಒಂದು ಕೈ ಡಬ್ಬಿಯಲ್ಲಿ, ಒಂದು ಕೈ ಸೊಂಟದ ಮೇಲೆ. “ನಿಧಾನ ತಾತ, ಕೆಳಗೆ ಕೂತ್ಕೊಂಡು ತಿನ್ನಿ,” ಎನ್ನುತ್ತಿದ್ದರು ಊರುಗೋಲಿನ ಮುದುಕರಿಗೆ. ಥೇಟ್ ಮನೆಯಲ್ಲಿ ನಿಂತಂತೆಯೇ ನಿಂತಿದ್ದರು. ಒಲೆಯೊಂದು ಇರಲಿಲ್ಲ.

ಸಾಹೇಬರ ಕಾಲು ಅಲ್ಲೇ ನಿಂತುಬಿಟ್ಟಿತು. ಎಲ್ಲರಿಗಿಂತ ಮೊದಲು, ಬಿಸಿಬಿಸಿ, ಯಾರಿಗೂ ಬಡಿಸದೆ! ಎದೆ ತಟ್ಟಿ ಆಡಿದ ಮೂರು ಮಾತಿನಲ್ಲಿ ಮೂರೂ ಮಣ್ಣುಪಾಲು. ಇವಳನ್ನು ಒಂದು ಮನೆಯ ಬಡಿಸುವ ಕೆಲಸದಿಂದ ಬಿಡಿಸಿ ಕರೆತಂದು ಇಡೀ ಊರಿಗೆ ಬಡಿಸುವ ಕೆಲಸಕ್ಕೆ ಹಚ್ಚಿದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು, ಸಿಟ್ಟು ಬಂತು. ಹೋಗಿ ಬುಟ್ಟಿ ಇಳಿಸಿ, ಆಕೆಯ ಕೈಯಿಂದ ಡಬ್ಬಿ ಕಿತ್ತುಕೊಂಡರು.

“ನೀನು ಕೂತ್ಕೋ. ಇಕೋ, ಹೊಗೆ ಆಡ್ತಿದೆ. ಮೊದಲು ನೀನು ತಿನ್ನು. ಚರಿತ್ರೆ ಗಿರಿತ್ರೆ ಏನೂ ಇಲ್ಲ, ಸುಮ್ಮನೆ ತಿನ್ನು!” ಎಂದು ಒಂದು ಬಿಸಿ ಹೋಳನ್ನು ಕೈಗಿಟ್ಟರು.

ಅತ್ತಿಗೆಮ್ಮ ಅದನ್ನು ಬಾಯಿಯ ಹತ್ತಿರ ತಂದರೋ ಇಲ್ಲವೋ, ಸಾಲಿನಲ್ಲಿ ಗುಲ್ಲೆದ್ದಿತು.

“ಏನ್ ಸ್ವಾಮಿ! ನಾವು ಇಷ್ಟು ಹೊತ್ತು ನಿಂತಿಲ್ವಾ?”

“ಬಡಿಸೋರೇ ಮೊದಲು ತಿಂದ್ರೆ ಹೇಗೆ?”

“ಸಾಲಾಗಿ ಬನ್ನಿ ಅಂತ ಹೇಳಿದ್ದು ನೀವೇ ತಾನೆ? ಅವರೂ ಸಾಲಲ್ಲಿ ಬರ್ಲಿ!”

ಶಿಸ್ತೆಂದರೆ ಶಿಸ್ತು! ಇಷ್ಟು ಅಚ್ಚುಕಟ್ಟಾದ ಸಾಲನ್ನು ಸಾಹೇಬರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವರು ಬಾಯಿ ಬಿಡುವ ಮೊದಲೇ ಅತ್ತಿಗೆಮ್ಮ ಆ ಹೋಳನ್ನು ಎದುರಿಗಿದ್ದವರ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

“ಸರಿ. ನಾನು ಸಾಲಲ್ಲಿ ಬರ್ತೀನಿ. ನೀವು ಬಡಿಸಿ.”

ನಿಧಾನವಾಗಿ ಮೆಟ್ಟಿಲು ಹತ್ತಿ, ಪ್ರವಾಸಿಗರ ಗುಂಪನ್ನೂ ದಾಟಿ, ಹಳದಿ ಕೊಡೆಯ ಹಿಂದೆ ಕಟ್ಟಕಡೆಯಲ್ಲಿ ಹೋಗಿ ನಿಂತರು.

ಸಾಹೇಬರು ಬಡಿಸಿದರು. ಹೇಗೆ ಬಡಿಸಿದರು ಎಂದು ಕೇಳಬೇಡಿ! ಜೀವಮಾನದಲ್ಲಿ ನೀರಿನ ಲೋಟವನ್ನೂ ಇನ್ನೊಬ್ಬರ ಮುಂದೆ ಇಟ್ಟವರಲ್ಲ. ಒಬ್ಬರ ಕೈಗೆ ಉಂಡೆಯ ಬದಲು ಬರಿ ಎಲೆ ಕೊಟ್ಟರು. ಇನ್ನೊಬ್ಬರ ಪಲ್ಯವನ್ನು ಅವರ ಚಪ್ಪಲಿಗೆ ಬಡಿಸಿದರು. ಒಬ್ಬ ಹೆಂಗಸು ಎದುರಿಗೆ ಬಂದು ನಿಂತಾಗ ತಲೆ ಎತ್ತದೆ “ಎಲ್ಲಿಗೆ? ಎಷ್ಟು ಜನ?” ಎಂದರು.

“ಇಲ್ಲಿಗೇ. ಒಬ್ಬಳೇ,” ಎಂದಳು ಆಕೆ ಗಾಬರಿಯಿಂದ.

“ಕಿಟಕಿ ಪಕ್ಕ ಬೇಕಾ?”

“ರೊಟ್ಟಿ ಪಕ್ಕ ಪಲ್ಯ ಬೇಕು.”

“ಆ ಅಮ್ಮ ಎಷ್ಟು ಚೆನ್ನಾಗಿ ಬಡಿಸ್ತಿದ್ರು,” ಎಂದು ಹಿಂದಿದ್ದವರು ನಿಟ್ಟುಸಿರುಬಿಟ್ಟರು.

ಬೆವರು ಕಣ್ಣಿಗಿಳಿಯಿತು. ಸೊಂಟ ನೋಯತೊಡಗಿತು. ನಡುನಡುವೆ ಸಾಹೇಬರು ಕತ್ತು ಚಾಚಿ ಸಾಲಿನ ಕೊನೆಯನ್ನು ನೋಡುತ್ತಿದ್ದರು. ಅತ್ತಿಗೆಮ್ಮ ಎರಡೂ ಕೈಯನ್ನು ಖಾಲಿ ಬಿಟ್ಟುಕೊಂಡು, ಪಕ್ಕದವರ ಜೊತೆ ಏನೋ ಹರಟುತ್ತಾ, ಒಮ್ಮೊಮ್ಮೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಾಲು ಒಂದೊಂದೇ ಹೆಜ್ಜೆ ಮುಂದೆ ಬಂತು. ಆಕೆಯೂ ಬಂದರು. ಡಬ್ಬಿಯ ಮಟ್ಟ ಇಳಿಯಿತು. ಸಾಹೇಬರು ಆಕೆಗೆ ಉಳಿಯಲಿ ಎಂದು ಇಡೀ ರೊಟ್ಟಿಯನ್ನು ಅರ್ಧ ಮಾಡಿದರು, ಅರ್ಧವನ್ನು ಕಾಲು ಮಾಡಿದರು.

“ಇದೇನು ಸಾರ್, ಎರಡೇ ತುತ್ತು!” ಎಂದು ಟೋಪಿಯವರೊಬ್ಬರು ರೇಗಿದರು.

ಬುಟ್ಟಿ ಖಾಲಿಯಾಯಿತು. ಚೀಲ ಖಾಲಿಯಾಯಿತು. ಕೊನೆಗೆ ಡಬ್ಬಿಯಲ್ಲಿ ಒಂದೇ ಒಂದು ಅಕ್ಕಿಯುಂಡೆ. ಸಾಲಿನಲ್ಲಿ ಇಬ್ಬರು, ಗೈಡು ಮತ್ತು ಅತ್ತಿಗೆಮ್ಮ. ಸಾಹೇಬರು ಗೈಡಿನ ಕಡೆಗೆ ದೀನರಾಗಿ ನೋಡಿದರು. ಗೈಡು ಸಾಹೇಬರ ಕಡೆಗೆ ಭಕ್ತಿಯಿಂದ ನೋಡಿದ.

“ಬೆಳಗ್ಗೆಯಿಂದ ಏನೂ ತಿಂದಿಲ್ಲ ಯಜಮಾನ್ರೇ. ನಿಮ್ಮ ಕೈಯಿಂದಾನೇ ತಿನ್ನಬೇಕು ಅಂತಿತ್ತು!”

ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಕೊಡೆ ಎತ್ತಿ, ಗುಂಪನ್ನು ಕರೆದುಕೊಂಡು ಹೊರಟುಹೋದ. ಈಗ ಎದುರಿಗೆ ಅತ್ತಿಗೆಮ್ಮ ನಿಂತಿದ್ದರು. ಸಾಲಿನ ಎಲ್ಲರಂತೆ ಅವರೂ ಕೈ ಮುಂದೆ ಚಾಚಿದ್ದರು.

ಸೀಟು ಮುಗಿದಿದೆ, ನಾಳೆ ಬನ್ನಿ. ಈ ಮಾತನ್ನು ಸಾಹೇಬರು ಅದೆಷ್ಟು ಸಾವಿರ ಸಲ ಹೇಳಿದ್ದರೋ! ತಲೆ ಎತ್ತದೆ ಹೇಳುತ್ತಿದ್ದರು, ಹೇಳಿ ಕಿಟಕಿ ಮುಚ್ಚುತ್ತಿದ್ದರು. ಈಗ ಮುಚ್ಚಲು ಕಿಟಕಿಯಿರಲಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಇಂಗು ತಿಂದ ಮಂಗನಂತೆ ನಿಂತರು.

“ಮುಗೀತಾ?” ಎಂದರು ಅತ್ತಿಗೆಮ್ಮ.

“ಮುಗೀತು ಕಣೇ.”

“ನಾಳೆ ಬರ್ಬೇಕಾ?”

ಸಾಹೇಬರು ಡಬ್ಬಿಗಳನ್ನು ಚೀಲಕ್ಕೆ ತುರುಕಿ, ಅದನ್ನು ಬಗಲಿಗೆ ಹಾಕಿಕೊಂಡು, ಹೆಂಡತಿಯ ಕೈ ಹಿಡಿದು ಹೊರಟರು. ನಡುಬೀದಿಯಲ್ಲಿ ಹೆಂಡತಿಯ ಕೈ ಹಿಡಿದದ್ದು ಮದುವೆಯಾದ ಮೇಲೆ ಇದೇ ಮೊದಲು. ಅದು ಅವರ ಗಮನಕ್ಕೇ ಬರಲಿಲ್ಲ, ಅತ್ತಿಗೆಮ್ಮನ ಗಮನಕ್ಕೆ ಬಂತು.

ಕೊಳದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಊಟದ ಹೋಟೆಲು. ಮಾಲೀಕ ಅರ್ಧ ಬಾಗಿಲು ಎಳೆದು, ಬೆಂಚುಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದ.

“ಮುಗೀತು ಸಾರ್. ಸಂಜೆ ಬನ್ನಿ.”

ಸಾಹೇಬರು ಬಾಗಿಲಿನ ಅರ್ಧಕ್ಕೆ ಕೈ ಅಡ್ಡ ಕೊಟ್ಟರು. ಆ ಗುಡುಗಿನ ದನಿ ಎಲ್ಲಿ ಹೋಗಿತ್ತೋ, ಕೇಳಿದವರಿಗೆ ಅಯ್ಯೋ ಎನಿಸುವ ದನಿ ಬಂತು. “ಸ್ವಾಮಿ, ಒಬ್ಬರಿಗೆ ಆಗೋಷ್ಟು ಇದ್ರೆ ಸಾಕು. ಬಿಸಿ ಮಾಡಿ ಕೊಡಿ. ಇವಳು ಬೆಳಗ್ಗೆಯಿಂದ ಹಸ್ಕೊಂಡಿದ್ದಾಳೆ.”

ಮಾಲೀಕ ಅತ್ತಿಗೆಮ್ಮನ ಮುಖ ನೋಡಿದ. “ಅನ್ನ ಸಾರು ಒಂದು ತಟ್ಟೆಗೆ ಆಗುತ್ತೆ. ಕೂತ್ಕೊಳ್ಳಿ ಅಮ್ಮ,” ಎಂದು ಒಂದು ಬೆಂಚು ಇಳಿಸಿದ.

ಅನ್ನ ಬಂತು. ಹೊಗೆಯಾಡುವ ಅನ್ನ, ಕುದಿಯುವ ಸಾರು, ಕರಿದ ಹಪ್ಪಳ. ಸಾಹೇಬರು ಮಾಲೀಕನ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಿದರು. ಈ ಸಲ ತಟ್ಟೆಯೊಳಗೇ ಬಿತ್ತು. ಅನ್ನದ ಬಗ್ಗೆ ಒಂದು ಮಾತೂ ಆಡಲಿಲ್ಲ, ಸಾರಿನ ಇತಿಹಾಸ ಹೇಳಲಿಲ್ಲ. ಎದುರಿಗೆ ಕೂತು ಬಾಯಿಗೆ ಬೀಗ ಹಾಕಿಕೊಂಡರು.

ಅತ್ತಿಗೆಮ್ಮ ತಿಂದರು. ಮೊದಲ ತುತ್ತಿಗೆ ನಾಲಿಗೆ ಸುಟ್ಟುಕೊಂಡು “ಹಾ” ಎಂದರು, ಸುಟ್ಟದ್ದಕ್ಕೇ ನಕ್ಕರು. ಆಕೆ ತಿನ್ನುವಾಗ ಕಣ್ಣು ಅರ್ಧ ಮುಚ್ಚುತ್ತಾಳೆ, ಹಪ್ಪಳವನ್ನು ಪುಡಿ ಮಾಡದೆ ಒಂದೊಂದೇ ಚೂರು ಮುರಿಯುತ್ತಾಳೆ, ಸಾರನ್ನು ಅನ್ನದ ನಡುವೆ ಗುಂಡಿ ಮಾಡಿ ಅದರಲ್ಲೇ ಹಾಕಿಸಿಕೊಳ್ಳುತ್ತಾಳೆ. ಇದೊಂದೂ ಸಾಹೇಬರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಊಟ ಮಾಡುವುದನ್ನು ಎದುರಿಗೆ ಕೂತು ನೋಡಿದ್ದೇ ಇಲ್ಲ. ನೋಡುತ್ತಾ ನೋಡುತ್ತಾ ಅವರಿಗೆ ಮನಸ್ಸು ತುಂಬಿಬಂತು.

ಮನಸ್ಸು ತುಂಬಿತು ನಿಜ. ಆದರೆ ಹೊಟ್ಟೆ ಬೇರೆ ಇಲಾಖೆ! ಅನ್ನದ ಗುಡ್ಡ ಕರಗುತ್ತಾ ಬಂದಂತೆ ಸಾಹೇಬರ ಕಣ್ಣು ಆಕೆಯ ಮುಖದಿಂದ ತಟ್ಟೆಗೆ ಜಾರಿತು. ಮುಷ್ಟಿಯಷ್ಟು ಉಳಿಯಿತು. ನಿಂಬೆಹಣ್ಣಿನಷ್ಟು ಉಳಿಯಿತು. ಉಗುಳು ನುಂಗಿದರು. ಅತ್ತಿಗೆಮ್ಮ ಅದನ್ನೂ ಕಲಸಿ ಬಾಯಿಗಿಟ್ಟು, ಬೆರಳಿನಿಂದ ತಟ್ಟೆ ಬಳಿದು, ಬಳಿದ ಬೆರಳನ್ನೂ ಚೀಪಿ, ನಿಡುಸುಯ್ದು ಬೆನ್ನನ್ನು ಗೋಡೆಗೆ ಆನಿಸಿದರು. ತಟ್ಟೆ ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ಸಾಹೇಬರಿಗೆ ತಮ್ಮ ಮುಖವೇ ಕಂಡಿತು.

“ಬಿಸಿ ಇತ್ತಾ?” ಎಂದರು ಕ್ಷೀಣವಾಗಿ.

“ಬಿಸಿ ಇತ್ತು ರೀ. ನಿಮಗೂ ಹಸಿವಾಗಿತ್ತು, ಅಲ್ವಾ?”

“ಇಲ್ಲ ಇಲ್ಲ. ಅಂದ್ರೆ… ನೀನು ತಿಂದು ಮಿಕ್ಕಿದ್ರೆ ನೋಡೋಣ ಅಂತಿದ್ದೆ.”

ಅತ್ತಿಗೆಮ್ಮ ಲೋಟದ ನೀರನ್ನು ಗಂಡನ ಕಡೆಗೆ ಸರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆ ತುಂಬಿದವರ ಶಾಂತಿಯಿತ್ತು.

“ಮಿಕ್ಕಿದ್ದನ್ನ ತಿಂದ್ಕೊಂಡೇ ಇಷ್ಟು ವರ್ಷ ಕಳೆದೆ ರೀ. ಇವತ್ತು ಮಿಗಿಸಬೇಕು ಅಂತ ಮನಸ್ಸೇ ಬರ್ಲಿಲ್ಲ, ನೋಡಿ.”